ಹಳೆಯ ಕಡ್ಡಿಗೆ ಬಿಡುವ ಗುಲಾಬಿ

ಸಹೋದ್ಯೋಗಿಯೊಬ್ಬರ ಹೊಸ ಮನೆಯ ವಾಸ್ತುಶಾಂತಿಗೆಂದು ಪುಣೆಯ ಖಡಕಿಗೆ ಹೋಗಿದ್ದೆ. ಎರಡು ಸಾವಿರದ ಆರರ ಮಾರ್ಚ್ ತಿಂಗಳು, ಹೋಳಿ ಹತ್ತಿರ ಬಂದಿತ್ತು. ಜಿಲೇಬಿ, ಮಸಾಲೆ ಮಜ್ಜಿಗೆಯ ಮಠ್ಠಾ ಊಟ ಮುಗಿಸಿ ಸ್ಕೂಟಿ ಹತ್ತಿದರೆ ದೊಡ್ಡ ರಸ್ತೆಯನ್ನು ಅಗೆದು ಹಾಕಿದ್ದರು. ಬೇರೆ ದಾರಿ ಕಾಣದೆ ನಮ್ಮ ಹಳೆಯ ಕ್ವಾರ್ಟರ್ಸಿನ ಹಿಂದಿನ ರಸ್ತೆ ಹಿಡಿದೆ. ಹತ್ತು ವರ್ಷ ಆ ಕಡೆ ಹಾದಿರಲಿಲ್ಲ, ಬೇಕೆಂದೇ ಹಾದಿರಲಿಲ್ಲ. ತಂತಿ ಬೇಲಿಯ ತಿರುವಿನಲ್ಲಿ ಆ ವಾಸನೆ ಬಂತು.

ಹೂವಿನಂಗಡಿಯ ಗುಲಾಬಿಯ ವಾಸನೆ ಅಲ್ಲ ಅದು. ಅವಕ್ಕೆ ವಾಸನೆಯೇ ಇರುವುದಿಲ್ಲ. ಇದು ಗುಲ್ಕಂದದ ಭರಣಿಯ ಮುಚ್ಚಳ ತೆಗೆದಾಗ ಬರುವ ವಾಸನೆ. ಗಾಡಿ ನಿಲ್ಲಿಸಿದೆ. ಯಾರಾದರೂ ನೋಡಿದ್ದರೆ, ಪಾಪ, ಹೂವಿನ ಪರಿಮಳಕ್ಕೆ ಮನಸೋತು ನಿಂತಿದ್ದಾಳೆ ಅಂದುಕೊಳ್ಳುತ್ತಿದ್ದರು. ನನಗೋ ಬಂದದ್ದು ಸಿಟ್ಟು. ಯಾರ ಮೇಲಿನ ಸಿಟ್ಟು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ: ನನ್ನ ಅಪ್ಪನ ಮೇಲೆ.

ಅಪ್ಪ ಕುಡುಕನಲ್ಲ, ಜೂಜುಕೋರನಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನೂ ಅಲ್ಲ. ಹಾಗಿದ್ದಿದ್ದರೆ ಬೈಯುವುದು ಸುಲಭವಿತ್ತು. ಅವನು ನಿಯಮದ ಮನುಷ್ಯ. ಖಡಕಿಯ ಸರಕಾರಿ ಕಾರ್ಖಾನೆಯೊಂದರಲ್ಲಿ ತಯಾರಾದ ಮಾಲು ಅಳತೆಗೆ ಸರಿಯಾಗಿದೆಯೇ ಎಂದು ತಪಾಸಣೆ ಮಾಡುವುದು ಅವನ ಕೆಲಸ. ಮನೆಗೆ ಬಂದ ಮೇಲೂ ಆ ಕೆಲಸ ಮುಗಿಯುತ್ತಿರಲಿಲ್ಲ. ನನಗೆ ಹನ್ನೆರಡು ತುಂಬಿದ ಮರುದಿನವೇ ರೈಲಿನಲ್ಲಿ ಪೂರ್ತಿ ಟಿಕೆಟ್ ತೆಗೆಸಿದವನು. ಗೋಡೆಗೆ ಮೊಳೆ ಹೊಡೆಯಬಾರದು, ಸರಕಾರದ ಗೋಡೆ. ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ಕಟ್ಟುತ್ತಿದ್ದೆವು. ಯಾರೂ ನಿಯಮ ಹಾಕದ ಕಡೆ ತಾನೇ ಒಂದು ಹಾಕಿಕೊಂಡು ಅದನ್ನು ಪಾಲಿಸುತ್ತಿದ್ದ. ಕಾಲನಿಯವರೆಲ್ಲ ಅವನನ್ನು ಹೊಗಳುತ್ತಿದ್ದರು. ಹೊಗಳುವವರಿಗೇನು, ಅವರು ಅವನ ಜೊತೆ ಸಂಸಾರ ಮಾಡಬೇಕಾಗಿರಲಿಲ್ಲ.

ಅವ್ವ ಬೀದರಿನವಳು. ಅವಳ ತವರುಮನೆಯ ಹಿತ್ತಲಿನಲ್ಲಿ ಬಾವಿಯ ಪಕ್ಕ ಒಂದು ಗುಲಾಬಿ ಪೊದೆ ಇತ್ತು. ಯಾರು ಹಚ್ಚಿದ್ದೋ ಗೊತ್ತಿಲ್ಲ. ಅದಕ್ಕೆ ಹೋಳಿ ಗುಲಾಬಿ ಅನ್ನುತ್ತಿದ್ದರು, ಯಾಕೆಂದರೆ ವರ್ಷಕ್ಕೆ ಒಂದೇ ಸಲ, ಹೋಳಿಯ ಹೊತ್ತಿಗೆ ಅದು ಹೂ ಬಿಡುತ್ತಿತ್ತು. ಉಳಿದ ಕಾಲದಲ್ಲಿ ಅದನ್ನು ಗುಲಾಬಿ ಎಂದರೆ ಯಾರೂ ನಂಬುವ ಹಾಗಿರಲಿಲ್ಲ. ಬೂದಿ ಬಳಿದಂಥ ಎಲೆ, ಆಳೆತ್ತರ ಹೋಗಿ ನೆಲಕ್ಕೆ ಬಾಗುವ ಕಡ್ಡಿಗಳು, ಅವುಗಳ ತುಂಬ ದೊಡ್ಡದೂ ಸಣ್ಣದೂ ಕಲಸಿದ ಮುಳ್ಳು. ಗೊಬ್ಬರ ಬೇಡ, ಔಷಧ ಬೇಡ. ಬುಡದ ಸುತ್ತ ನೆಲದೊಳಗಿಂದಲೇ ಮರಿ ಚಿಗುರು ಎಬ್ಬಿಸಿಕೊಂಡು ತಾನೇ ಹಬ್ಬುತ್ತಿತ್ತು. ಆದರೆ ಆ ಎರಡು ಮೂರು ವಾರ! ಕಡ್ಡಿಯ ಉದ್ದಕ್ಕೂ ಗೊಂಚಲು ಗೊಂಚಲಾಗಿ ತಿಳಿಗುಲಾಬಿ ಬಣ್ಣದ ಹೂ. ಪೇಟೆಯ ಗುಲಾಬಿಯಂತೆ ಮೂತಿ ಚೂಪು ಮಾಡಿಕೊಂಡು ನಿಲ್ಲದೆ, ಪೂರ್ತಿ ತೆರೆದುಕೊಂಡು ಚಪ್ಪಟೆಯಾಗಿ, ಒಳಗೆ ಪಕಳೆಯ ಮೇಲೆ ಪಕಳೆ ಒತ್ತಿಕೊಂಡು. ಬೆಳಿಗ್ಗೆ ಅರಳಿದ್ದು ಸಂಜೆಗೆ ಉದುರಿಬಿಡುತ್ತಿತ್ತು. ಅದಕ್ಕೇ ಮನೆಯ ಹೆಂಗಸರೆಲ್ಲ ಬಿಸಿಲೇರುವ ಮೊದಲೇ ಬಿಡಿಸಿ ಸಕ್ಕರೆಯ ಜೊತೆ ಭರಣಿಗೆ ತುಂಬುತ್ತಿದ್ದರು. ಇದನ್ನೆಲ್ಲ ಅವ್ವ ಎಷ್ಟು ಸಲ ಹೇಳಿದ್ದಳೆಂದರೆ, ನೋಡದ ಹೂವಿನ ವಾಸನೆ ನನಗೆ ಬಾಯಿಪಾಠವಾಗಿತ್ತು.

ತೊಂಬತ್ತೆರಡರ ಮಳೆಗಾಲದಲ್ಲಿ ಅವ್ವ ತವರಿನಿಂದ ಬರುವಾಗ ಒಂದು ಮರಿಯನ್ನು ಬೇರು ಸಮೇತ ಕಿತ್ತು, ಒದ್ದೆ ಗೋಣಿತಾಟಿನಲ್ಲಿ ಸುತ್ತಿ ತಂದಳು. ನಮ್ಮದು ಕೆಳಗಿನ ಮನೆ, ಮುಂದೆ ಒಂದಿಷ್ಟು ಜಾಗವಿತ್ತು. ಅಪ್ಪ ಡ್ಯೂಟಿಗೆ ಹೋದಾಗ ಬೇಲಿಯ ಹತ್ತಿರ ತಗ್ಗು ತೋಡಿ ಹಚ್ಚಿದಳು. ಸಂಜೆ ಅಪ್ಪ ಸೈಕಲ್ಲು ಒರಗಿಸುವ ಮೊದಲೇ ಅದನ್ನು ನೋಡಿದ.

"ಇದನ್ನ ಹಚ್ಚಾಕ ಯಾರ ಪರವಾನಿಗಿ ತಗೊಂಡಿ?"

"ಗಿಡಕ್ಕೂ ಪರವಾನಿಗಿ ಬೇಕೇನ್ರೀ?"

"ನೆಲ ಯಾರಪ್ಪಂದು? ಸರಕಾರದ್ದು. ತುಳಸಿ ಡಬ್ಬಿಯೊಳಗ ಅದ, ಹೋಗೂವಾಗ ಎತ್ಕೊಂಡು ಹೋಗಬಹುದು. ಇದನ್ನ ಏನ್ಮಾಡ್ತಿ?"

"ಹೋಗೂವಾಗ ನೋಡೂಣಂತ," ಅಂದಳು ಅವ್ವ. ಅಕ್ಕಪಕ್ಕದ ಎಲ್ಲರ ಮನೆಯ ಮುಂದೆಯೂ ನೆಲದಲ್ಲೇ ಗುಲಾಬಿಗಳಿದ್ದವು. ಅದನ್ನು ತೋರಿಸಿದ ಮೇಲೆ ಅಪ್ಪ ಸುಮ್ಮನಾದ. ಸುಮ್ಮನಾದ ಅಷ್ಟೇ, ಒಪ್ಪಿರಲಿಲ್ಲ.

ಪುಣೆಯಲ್ಲಿ ಗುಲಾಬಿ ಬೆಳೆಸುವವರೆಲ್ಲರಿಗೂ ಒಂದು ರೂಢಿಯಿದೆ. ಮಳೆಗಾಲ ಕಳೆದು ದಸರೆ ಮುಗಿಯುತ್ತಲೇ ಗಿಡಗಳನ್ನು ಮೊಣಕಾಲೆತ್ತರಕ್ಕೆ ಕತ್ತರಿಸುತ್ತಾರೆ. ಹೊಸ ಚಿಗುರು ಬಂದು, ಆ ಚಿಗುರಿನ ತುದಿಗೆ ಚಳಿಗಾಲದಲ್ಲಿ ದೊಡ್ಡ ದೊಡ್ಡ ಹೂ ಬರುತ್ತದೆ. ನಮ್ಮ ಕಾಲನಿಯಲ್ಲಿ ಜನವರಿಗೆ ಹೂವಿನ ಸ್ಪರ್ಧೆ ಬೇರೆ. ಅಪ್ಪ ಖಂಡೆಪೂಜೆಯಲ್ಲಿ ಆಯುಧಗಳ ಜೊತೆ ಕತ್ತರಿಗೂ ಕುಂಕುಮ ಹಚ್ಚಿ, ಬನ್ನಿ ಹಂಚಿದ ಮರುದಿನವೇ ಅದನ್ನು ಹಿಡಿದು ಅಂಗಳಕ್ಕಿಳಿಯುತ್ತಿದ್ದ. ಎಲ್ಲರ ಗಿಡದಂತೆ ಅವ್ವನ ಗಿಡವನ್ನೂ ಅಳತೆ ಹಿಡಿದು ಕತ್ತರಿಸುತ್ತಿದ್ದ. ಜನವರಿಯಲ್ಲಿ ಎಲ್ಲರ ಮನೆಯ ಮುಂದೆ ಕೆಂಪು, ಹಳದಿ, ಕೇಸರಿ. ನಮ್ಮ ಮನೆಯ ಮುಂದೆ ಬರೀ ಎಲೆ. ಮಾರ್ಚ್ ಬಂದರೂ ಎಲೆಯೇ.

ಹೀಗೆ ಮೂರು ವರ್ಷ ನಡೆಯಿತು. ಪಕ್ಕದ ಮನೆಯ ಮರಾಠಿ ಹೆಂಗಸು ಜೋಶಿ ಕಾಕು ದಿನಾ ಪೂಜೆಗೆ ಹೂ ಬಿಡಿಸುತ್ತ ಬೇಲಿಯಾಚೆಯಿಂದ, "ವಹಿನೀ, ತುಮಚಾ ಗುಲಾಬ ನುಸತಾ ಕಾಟ್ಯಾಂಚಾ," ಎಂದು ನಗುತ್ತಿದ್ದರು. ನಿಮ್ಮ ಗುಲಾಬಿ ಬರೀ ಮುಳ್ಳಿನದು ಅಂತ. ಅವ್ವನೂ ನಗುತ್ತಿದ್ದಳು. ಒಳಗೆ ಬಂದು ಪಾತ್ರೆ ಕುಕ್ಕುತ್ತಿದ್ದಳು.

ತೊಂಬತ್ತೈದರ ಹೋಳಿಗೆ ಅವ್ವ ಬೀದರಿಗೆ ಹೋದಳು. ಅಜ್ಜ ತೀರಿಕೊಂಡು ವರ್ಷವಾಗಿತ್ತು, ಮಾಮಂದಿರು ಮನೆ ಮಾರುವವರಿದ್ದರು. ಬಾವಿ ಮುಚ್ಚಿ ಅಲ್ಲಿ ಅಂಗಡಿ ಸಾಲು ಕಟ್ಟುವ ಮಾತಾಗಿತ್ತು. ಹಿತ್ತಲಿನಲ್ಲಿ ಪೊದೆ ಮೈತುಂಬ ಹೂ ಬಿಟ್ಟು ನಿಂತಿತ್ತಂತೆ. ಅವ್ವ ಅಜ್ಜಿಯ ಮುಂದೆ ತನ್ನ ದುಃಖ ತೋಡಿಕೊಂಡಳು: ಪುಣೆಯ ಮಣ್ಣೇ ಸರಿಯಿಲ್ಲ, ಒಂದು ಮೊಗ್ಗೂ ಬರಲಿಲ್ಲ, ಪ್ರತಿ ದಸರೆಗೆ ಎಷ್ಟು ಚಂದ ಕತ್ತರಿಸಿದರೂ ಬರಲಿಲ್ಲ. ಅಜ್ಜಿ ಹಣೆ ಹಣೆ ಬಡಿದುಕೊಂಡಳು.

"ದಸರಾಕ್ಕ ಯಾಕ ಕತ್ತರಸ್ತೀಯೇ ಹುಚ್ಚಿ? ಇದು ಹ್ವಾದ ವರ್ಷದ ಕಡ್ಡಿಗೆ ಹೂ ಬಿಡೂ ಜಾತಿ. ಆ ಕಡ್ಡೀನs ಕಡದ್ರ ಹೂ ಎಲ್ಲಿಂದ ಬರಬೇಕು? ಹೂ ಮುಗದ ಮ್ಯಾಲ ಬೇಕಾದ್ರ ಕತ್ತರಿಸು."

ಅವ್ವ ವಾಪಸು ಬಂದವಳು ಬೇರೆ ಹೆಂಗಸಿನ ಹಾಗಿದ್ದಳು. ಇನ್ನು ತವರಿನ ಪೊದೆ ಹೋಯಿತು, ಉಳಿದಿದ್ದು ತನ್ನದೊಂದೇ. ಆ ಮಳೆಗಾಲದಲ್ಲಿ ಎದ್ದ ಉದ್ದುದ್ದ ಕಡ್ಡಿಗಳನ್ನು ದಿನಾ ಕೈಯಿಂದ ಸವರಿ ನೋಡುತ್ತಿದ್ದಳು. ಅಪ್ಪ ಫೆಬ್ರವರಿ ಕೊನೆಗೆ ನಿವೃತ್ತಿಯಾಗುವವನಿದ್ದ. ಪುಣೆಯ ಇನ್ನೊಂದು ತುದಿಯ ಕಾತ್ರಜದಲ್ಲಿ ಮೂರನೇ ಮಾಳಿಗೆಯ ಮೇಲೆ ಮನೆ ಕೊಂಡಾಗಿತ್ತು. ಅಂದರೆ ಖಡಕಿಯ ನೆಲದಲ್ಲಿ ಈ ಹೂ ನೋಡಲು ಅವಳಿಗೆ ಇದ್ದದ್ದು ನಿವೃತ್ತಿಯ ಬೆನ್ನಿಗೇ ಬರುವ ಅದೊಂದೇ ಹೋಳಿ. ಎಲ್ಲರಿಗೂ ಅದು ಗೊತ್ತಿತ್ತು. ಅಪ್ಪನಿಗೂ.

ಆ ದಸರೆಯಲ್ಲಿ ಕತ್ತರಿ ಹಿಡಿದು ಬಂದ ಅಪ್ಪನ ಮುಂದೆ ಅವ್ವ ಸೆರಗು ಸಿಕ್ಕಿಸಿ ನಿಂತಳು. ಮದುವೆಯಾದಾಗಿನಿಂದ ಅವನಿಗೆ ಎದುರಾಡದವಳು.

"ಇದಕ್ಕ ಕತ್ತರಿ ಹಚ್ಚಿದ್ರ ಇವತ್ತಿಂದ ನನ್ನ ಕೈ ರೊಟ್ಟಿ ನಿಮಗಿಲ್ಲ."

"ಮಂದಿ ಎಲ್ಲಾ ಕತ್ತರಸ್ತಾರ. ನಮ್ಮದೊಂದs ಕಾಡು ಬೆಳದಂಗ ಕಾಣ್ತದ."

"ಕಾಣಲಿ. ಹೋಳೀತನಕ ಮುಟ್ಟಂಗಿಲ್ಲ ಅಂತ ಮಾತು ಕೊಡ್ರಿ."

ಜೋಶಿ ಕಾಕು ಬೇಲಿಯ ಹತ್ತಿರ ನಿಂತು ನೋಡುತ್ತಿದ್ದರು. ಅಪ್ಪನಿಗೆ ನಾಚಿಕೆಯಾಗಿರಬೇಕು. "ಆತು ಮಾರಾಯ್ತಿ, ಮುಟ್ಟಂಗಿಲ್ಲ," ಅಂದ. ನಾನು ಬಾಗಿಲಲ್ಲಿ ನಿಂತು ಈ ಕಿವಿಯಿಂದಲೇ ಕೇಳಿದ್ದೇನೆ.

ಆ ಚಳಿಗಾಲವನ್ನು ನಾನು ಮರೆಯಲಾರೆ. ನನ್ನದು ಬಿ.ಕಾಂ. ಕೊನೆಯ ವರ್ಷ. ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ಅಂಗಳದ ಬಿಸಿಲಿಗೆ ಪುಸ್ತಕ ಹಿಡಿದು ಕೂರುತ್ತಿದ್ದೆ. ಕಾರ್ಖಾನೆಯ ಭೋಂಗಾ ಕೂಗುತ್ತಿತ್ತು, ಸೈಕಲ್ಲುಗಳ ಸಾಲು ಹೋಗುತ್ತಿತ್ತು. ಪೊದೆಯ ಕಡ್ಡಿಗಳು ಬೇಲಿ ದಾಟಿ ರಸ್ತೆಗೆ ಬಾಗಿದವು. ಹಾಲಿನವನ ಅಂಗಿ ಹರಿಯಿತು, ಕಾಕುವಿನ ಸೀರೆ ಮುಳ್ಳಿಗೆ ಸಿಕ್ಕಿಕೊಂಡಿತು, ಅವ್ವ ಎಲ್ಲರ ಕ್ಷಮೆ ಕೇಳಿ ಕಡ್ಡಿಗಳನ್ನು ಹಳೆಯ ಸೀರೆಯ ಅಂಚಿನಿಂದ ಕಟ್ಟಿದಳು. ಡಿಸೆಂಬರಿನಲ್ಲಿ ಎಲೆಯೆಲ್ಲ ಉದುರಿತು. "ಸತ್ತದ ಅದು," ಅಂದ ಅಪ್ಪ. ಅವ್ವ ಉಗುರಿನಿಂದ ತೊಗಟೆ ಕೆರೆದು ಒಳಗಿನ ಹಸಿರು ತೋರಿಸಿದಳು. ಜನವರಿಯ ಸ್ಪರ್ಧೆ ಮುಗಿಯಿತು, ಕಾಕುವಿಗೆ ಸ್ಟೀಲಿನ ಡಬ್ಬಿ ಬಹುಮಾನ ಬಂತು. ಸಂಕ್ರಮಣದ ಎಳ್ಳು ಹಂಚಲು ಹೋದಾಗಲೂ ಮಂದಿ ಗಿಡದ ಮಾತೆತ್ತಿ ಅವ್ವನನ್ನು ಚೇಷ್ಟೆ ಮಾಡಿದರು. ಫೆಬ್ರವರಿಯಲ್ಲಿ ಒಂದು ದಿನ ನನ್ನನ್ನು ಒಳಗಿನಿಂದ ಕೈಹಿಡಿದು ಎಳೆದುಕೊಂಡು ಹೋದಳು. ಹಳೆಯ ಕಡ್ಡಿಗಳ ಗೆಣ್ಣುಗೆಣ್ಣಿಗೂ ಗಿಡ್ಡ ಚಿಗುರು, ಪ್ರತಿ ಚಿಗುರಿನ ತುದಿಗೆ ಹಸಿರು ಮೊಗ್ಗಿನ ಗೊಂಚಲು.

ಅವ್ವ ಕ್ಯಾಂಪಿನ ಪೇಟೆಗೆ ಹೋಗಿ ದೊಡ್ಡ ಚೀನಿ ಭರಣಿ ತಂದಳು, ತೊಳೆದು ಬಿಸಿಲಿಗೆ ಬೋರಲು ಹಾಕಿದಳು. ಕಲ್ಲುಸಕ್ಕರೆ ಕುಟ್ಟಿಟ್ಟಳು. ಮೊದಲ ಗುಲ್ಕಂದ ಜೋಶಿ ಕಾಕುವಿಗೇ ಅಂತ ಗಟ್ಟಿಯಾಗಿ, ಬೇಲಿಯಾಚೆ ಕೇಳುವ ಹಾಗೆ ಹೇಳಿದಳು.

ಈಗ ಸಿಟ್ಟಿನ ಮಾತಿಗೆ ಬರುತ್ತೇನೆ. ನಿವೃತ್ತಿಯಾದವರು ಕ್ವಾರ್ಟರ್ಸನ್ನು ಇನ್ನೂ ಕೆಲವು ತಿಂಗಳು ಇಟ್ಟುಕೊಳ್ಳಬಹುದಿತ್ತು. ಎಲ್ಲರೂ ಇಟ್ಟುಕೊಳ್ಳುತ್ತಿದ್ದರು. ಮಕ್ಕಳ ಪರೀಕ್ಷೆ, ಮಗಳ ಮದುವೆ, ಏನಾದರೊಂದು ಹೇಳಿ ಬೇಸಿಗೆ ಕಳೆಯುತ್ತಿದ್ದರು. ನನ್ನದೂ ಪರೀಕ್ಷೆ ಇತ್ತು. ಅಪ್ಪ ಒಂದು ದಿನವೂ ಹೆಚ್ಚು ಇರಲು ಒಪ್ಪಲಿಲ್ಲ. "ನೌಕರಿ ಮುಗೀತು ಅಂದ್ರ ಮನೀನೂ ಮುಗೀತು," ಅಂದ. ಅಷ್ಟಾದರೂ ಅವ್ವ ತಲೆ ಕೆಡಿಸಿಕೊಳ್ಳಲಿಲ್ಲ. ಕಾತ್ರಜದಿಂದ ಬಸ್ಸಿದೆ, ಹೋಳಿಗೆ ಬಂದು ಬಿಡಿಸಿಕೊಂಡು ಹೋಗುತ್ತೇನೆ ಎಂದು ಕಾಕುವಿಗೆ ಹೇಳಿಟ್ಟಿದ್ದಳು. ಇಷ್ಟು ದಿನ ಆಡಿಕೊಂಡ ಕಾಕುವೇ ನೀರು ಹಾಕಲು ಒಪ್ಪಿದ್ದರು.

ಮನೆ ಒಪ್ಪಿಸುವ ಹಿಂದಿನ ದಿನ ಅವ್ವ, ನಾನು ಕಾತ್ರಜದ ಮನೆಯಲ್ಲಿ ಹಾಲು ಉಕ್ಕಿಸಲು ಹೋಗಿದ್ದೆವು. ಅಪ್ಪ ಖಡಕಿಯಲ್ಲೇ ಉಳಿದ. ಕಿಟಕಿಗೆ ಬಣ್ಣ ಹಚ್ಚಬೇಕು, ನಲ್ಲಿಯ ವಾಶರ್ ಬದಲಿಸಬೇಕು, ಹಿಂದಿನವರು ಹೊಡೆದ ಮೊಳೆಯ ತೂತಿಗೂ ಸಿಮೆಂಟು ತುಂಬಬೇಕು. ಸಂಜೆ ಎರಡು ಬಸ್ಸು ಬದಲಿಸಿ ನಾವು ವಾಪಸು ಬಂದೆವು. ಅಂಗಳದಲ್ಲಿ ಏನೋ ಹೆಚ್ಚು ಬೆಳಕಿದೆ ಅನ್ನಿಸಿತು. ಬೇಲಿಯ ಹತ್ತಿರ ಪೊದೆ ಇರಲಿಲ್ಲ. ಬುಡಕ್ಕೆ ಸರಿಯಾಗಿ ಕಡಿದು, ಮೇಲೆ ಮುರುಮಿನ ಗಟ್ಟಿಮಣ್ಣು ಹಾಕಿ, ನೀರು ಹೊಡೆದು, ಸಮ ಮಾಡಿ ಬಡಿದಿದ್ದ. ಕಡ್ಡಿಗಳನ್ನು ಒಂದೇ ಅಳತೆಗೆ ತುಂಡು ಮಾಡಿ ಕಟ್ಟು ಕಟ್ಟಿ ಬದಿಗಿಟ್ಟಿದ್ದ. ಕಟ್ಟಿನ ತುಂಬ ಮೊಗ್ಗು. ಕೆಲವು ಬಾಯಿ ಬಿಟ್ಟು ಒಳಗಿನ ಗುಲಾಬಿ ಬಣ್ಣ ತೋರಿಸುತ್ತಿದ್ದವು.

"ಏನ್ಮಾಡಿದ್ಯಪ್ಪಾ? ಮಾತು ಕೊಟ್ಟಿದ್ಯಲ್ಲಾ!" ಅಂತ ನಾನು ಕಿರುಚಿದೆ.

ಅಪ್ಪ ಹಣೆಯ ಬೆವರು ಒರೆಸಿಕೊಂಡ. ಅವನ ಕೈತುಂಬ ಮುಳ್ಳು ಗೀರಿದ ರಕ್ತ. "ನಾವು ಬಂದಾಗ ಇಲ್ಲಿ ಗಿಡ ಇರಲಿಲ್ಲ. ಬಂದಾಗ ಹೆಂಗಿತ್ತೋ ಹಂಗs ಕೊಡಬೇಕು. ರೂಲ್ ಅಂದ್ರ ರೂಲ್."

ಅವ್ವ ಕಟ್ಟಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಕಟ್ಟನ್ನು ಬಿಚ್ಚಿ, ಮೊಗ್ಗಿನ ಕಡ್ಡಿಗಳನ್ನು ಒಂದೊಂದಾಗಿ ಬಕೆಟ್ಟಿನ ನೀರಿಗೆ ಇಳಿಸಿದಳು. ಬೆಳಗಾಗುವ ಹೊತ್ತಿಗೆ ಎಲ್ಲ ಕತ್ತು ಬಾಗಿಸಿದ್ದವು. ಈ ಜಾತಿಯ ಮೊಗ್ಗು ಕಡಿದ ಮೇಲೆ ಅರಳುವುದಿಲ್ಲ.

ಮರುದಿನ ಮನೆ ವಶಕ್ಕೆ ತೆಗೆದುಕೊಳ್ಳಲು ಬಂದ ಗುಮಾಸ್ತ ಎಳೆ ವಯಸ್ಸಿನವನು, ಒಳಗೆ ಹೆಜ್ಜೆಯೂ ಇಡದೆ ಸಹಿ ಹಾಕಿದ. ಆಮೇಲೆ ಬದಿಗಿದ್ದ ಕಡ್ಡಿಗಳ ರಾಶಿ ನೋಡಿ, "ಕಾಕಾ, ಝಾಡ ಕಾ ತೋಡಲಂತ? ಚಾಂಗಲಂ ಹೋತಂ ಕೀ," ಅಂದ. ಗಿಡ ಯಾಕೆ ಕಡಿದಿರಿ, ಚೆನ್ನಾಗಿತ್ತಲ್ಲ! ಯಾರೂ ಕೇಳಿರಲಿಲ್ಲ. ಯಾವ ನಿಯಮವೂ ಇರಲಿಲ್ಲ. ಅಪ್ಪ ಕೀಲಿಕೈ ಒಪ್ಪಿಸಿ ಅವನಿಗೆ ನಮಸ್ಕಾರ ಮಾಡಿದ. ಅವತ್ತಿನ ಆ ನಮಸ್ಕಾರ ನೆನಪಾದರೆ ಇವತ್ತಿಗೂ ನನ್ನ ಹಲ್ಲು ಕಟಕಟ ಅನ್ನುತ್ತದೆ.

ಟೆಂಪೋ ಹತ್ತುವ ಮೊದಲು ನಾನು ಅವ್ವನ ಕಿವಿಯಲ್ಲಿ ಹೇಳಿದೆ: ಮುರುಮಿನ ಕೆಳಗೆ ಬೇರು ಇದ್ದೇ ಇರುತ್ತದೆ, ಒಂದು ತುಂಡು ಅಗೆದು ತಗೊಳ್ಳೋಣ, ಕಾತ್ರಜದಲ್ಲಿ ಕುಂಡಕ್ಕೆ ಹಾಕೋಣ. ಅವ್ವ ತಲೆಯಾಡಿಸಿದಳು.

"ಬ್ಯಾಡವಾ. ಅಲ್ಲೂ ಇವರs ಇರ್ತಾರ."

ಕಾತ್ರಜದ ಬಾಲ್ಕನಿಯಲ್ಲಿ ಅವ್ವ ಬಟ್ಟೆ ಒಣಗಿಸುವ ಹಗ್ಗ ಬಿಟ್ಟು ಏನನ್ನೂ ಇಡಲಿಲ್ಲ. ಒಂದು ದೀಪಾವಳಿಗೆ ಅಪ್ಪನೇ ನರ್ಸರಿಯಿಂದ ಕೆಂಪು ಗುಲಾಬಿಯ ಕುಂಡ ತಂದ. "ಇದು ವರ್ಷಪೂರ್ತಿ ಬಿಡತದ ನೋಡು," ಎಂದು ಅದನ್ನು ಅವಳ ಮುಂದಿಟ್ಟ. ಅವ್ವ ಅದಕ್ಕೆ ತಪ್ಪದೆ ನೀರು ಹಾಕಿದಳು, ಒಂದು ಹೂವನ್ನೂ ಬಿಡಿಸಲಿಲ್ಲ. ಎಲ್ಲ ಗಿಡದಲ್ಲೇ ಕಪ್ಪಾದವು. ಆ ಚೀನಿ ಭರಣಿಯಲ್ಲಿ ಅಪ್ಪ ಮೊಳೆ, ಸ್ಕ್ರೂ ತುಂಬಿಟ್ಟುಕೊಂಡ. ಸ್ವಂತ ಮನೆಯ ಗೋಡೆಗೆ ಹೊಡೆಯಲು ಈಗ ಅಡ್ಡಿಯಿರಲಿಲ್ಲವಲ್ಲ. ಅವನು ಹೊಡೆದ ಮೊದಲ ದೊಡ್ಡ ಮೊಳೆಗೆ ಎರಡು ಸಾವಿರದ ಒಂದರಲ್ಲಿ ಅವ್ವನ ಫೋಟೋ ಬಂತು. ಕಾಮಾಲೆಯಾಗಿ ಹೋದಳು. ಹೋಳಿ ಗುಲಾಬಿ ತನ್ನ ಅಂಗಳದಲ್ಲಿ ಅರಳಿದ್ದನ್ನು ನೋಡದೆ ಹೋದಳು.

ಅದಕ್ಕೇ ಅಂದೆ, ಆ ವಾಸನೆ ಬಂದಾಗ ನನಗೆ ಸಿಟ್ಟು ಬಂತು ಅಂತ. ಗಾಡಿ ನಿಲ್ಲಿಸಿ ನೋಡಿದರೆ ನಮ್ಮ ಬ್ಲಾಕು ಖಾಲಿ ಬಿದ್ದಿದೆ, ಕಿಟಕಿಗಳಿಗೆ ಹಲಗೆ ಬಡಿದಿದ್ದಾರೆ. ಬೇಲಿಯುದ್ದಕ್ಕೂ, ನಮ್ಮ ಅಂಗಳದಿಂದ ಜೋಶಿ ಕಾಕುವಿನ ಅಂಗಳವನ್ನೂ ದಾಟಿ ರಸ್ತೆಯ ತಿರುವಿನವರೆಗೆ ಅದೇ ಪೊದೆ. ಮುರುಮು ಒಡೆದುಕೊಂಡು ಎದ್ದಿದೆ. ನೀರು ಹಾಕಿದವರಿಲ್ಲ, ಕತ್ತರಿ ಹಚ್ಚಿದವರಿಲ್ಲ. ಕಡ್ಡಿಗಳೆಲ್ಲ ಭಾರಕ್ಕೆ ನೆಲ ಮುಟ್ಟುವಷ್ಟು ಹೂ. ಅವ್ವ ಹೇಳಿದ್ದು ಒಂದೂ ಸುಳ್ಳಿರಲಿಲ್ಲ. ನಾನು ಅತ್ತೆ. ಅತ್ತದ್ದು ಸಂತೋಷಕ್ಕೇನಲ್ಲ. ಐದು ವರ್ಷ ಆಕೆ ಬದುಕಿದ್ದಾಗ ಇದು ಇಲ್ಲೇ ಅರಳುತ್ತಿತ್ತು. ನಾನು ಸಿಟ್ಟಿನಿಂದ, ಅವಳು ನೋವಿನಿಂದ ಈ ಕಡೆ ತಿರುಗಿ ನೋಡಲಿಲ್ಲ. ಅದನ್ನೂ ಅಪ್ಪನ ಲೆಕ್ಕಕ್ಕೇ ಬರೆದೆ.

ಮುಳ್ಳು ಲೆಕ್ಕಿಸದೆ ಓಢಣಿಯ ತುಂಬ ಕಿತ್ತುಕೊಂಡೆ. ಖಡಕಿಯಿಂದ ಕಾತ್ರಜ, ಊರಿನ ಆ ತುದಿಯಿಂದ ಈ ತುದಿ. ದಾರಿಯುದ್ದಕ್ಕೂ ಗಂಟು ಕಾಲ ಬಳಿ ಘಮಘಮ ಅನ್ನುತ್ತಿತ್ತು. ಬಾಗಿಲು ತೆಗೆದ ಅಪ್ಪ ಗಂಟನ್ನೇ ನೋಡಿದ. ಅವನಿಗೀಗ ಎಪ್ಪತ್ತರ ಹತ್ತಿರ, ಒಬ್ಬನೇ ಇರುತ್ತಾನೆ, ಅಂಗಿಯ ಗುಂಡಿ ಕತ್ತಿನವರೆಗೆ ಹಾಕಿಕೊಂಡು.

"ಎಲ್ಲೀವು?"

"ನಮ್ಮ ಕ್ವಾರ್ಟರ್ಸಿಂದು. ಅವ್ವನ ಗಿಡದ್ದು."

ಅವನು ಗಂಟಿನ ಅಂಚು ಸರಿಸಿದ. ಕಣ್ಣು ಹೂವಿನ ಮೇಲೇ ಇತ್ತು. ಏನಾದರೂ ಹೇಳುತ್ತಾನೆ, ತಪ್ಪಾಯಿತು ಅನ್ನದಿದ್ದರೂ ಅವಳ ಹೆಸರನ್ನಾದರೂ ಹೇಳುತ್ತಾನೆ ಅಂದುಕೊಂಡೆ.

"ಕೀಳಾಕ ಯಾರ ಪರವಾನಿಗಿ ತಗೊಂಡಿ?"

ನನ್ನ ನೆತ್ತಿ ಸಿಡಿಯಿತು. "ಅವ್ವಂದು ತಗೊಂಡೀನಿ," ಅಂದೆ. ಶೆಲ್ಫಿನಿಂದ ಭರಣಿ ಇಳಿಸಿ, ಅದರೊಳಗಿನ ಮೊಳೆಗಳನ್ನೆಲ್ಲ ಅವನು ಮಡಿಚಿಟ್ಟಿದ್ದ ಪೇಪರಿನ ಮೇಲೆ ಸುರುವಿದೆ. ಭರಣಿ ತೊಳೆದು ಹೂ ತುಂಬಿ ಫೋಟೋದ ಕೆಳಗಿಟ್ಟೆ. ಅಪ್ಪ ಕುರ್ಚಿಯಲ್ಲಿ ಕೂತು ಮೊಳೆಗಳನ್ನು ಸಣ್ಣವು ಒಂದು ಕಡೆ, ದೊಡ್ಡವು ಒಂದು ಕಡೆ ಮಾಡತೊಡಗಿದ.

ಸಂಜೆಯಾಗುತ್ತಲೇ ಹೂ ತಮ್ಮ ಗುಣ ತೋರಿಸಿದವು. ಒಂದೊಂದೇ ಪಕಳೆ ಉದುರಿ ಫೋಟೋದ ಕೆಳಗೆ ನೆಲದ ಫರಸಿಯೆಲ್ಲ ತುಂಬಿತು. ನಾನು ಅಡುಗೆಮನೆಯಲ್ಲಿ ಅವನಿಗೆ ಚಹಾ ಸೋಸುತ್ತಿದ್ದೆ. ಸರಸರ ಸಪ್ಪಳ ಕೇಳಿ ಹೊರಗೆ ಬಂದರೆ ಅಪ್ಪ ಬಾಗಿಕೊಂಡು ಕಸಬರಿಗೆ ಆಡಿಸುತ್ತಿದ್ದ. ಕಸದ ಮೊರ ಪಕ್ಕದಲ್ಲಿತ್ತು.

"ಬಿಡಪ್ಪಾ ಅದನ್ನ!"

"ಕಸ ಬಿದ್ದದಲ್ಲವಾ."

ಅವನ ಕೈಯಿಂದ ಕಸಬರಿಗೆ ಕಸಿದುಕೊಂಡೆ. ಅವನು ಖಾಲಿ ಕೈಯಲ್ಲಿ ನಿಂತ, ಆಮೇಲೆ ಪಕಳೆ ತುಳಿಯದ ಹಾಗೆ ಗೋಡೆಯ ಬದಿಯಿಂದ ನಡೆದು ಕುರ್ಚಿಗೆ ಹೋದ. ಅದನ್ನು ನೋಡಿಯೂ ನನ್ನ ಸಿಟ್ಟು ಇಳಿಯಲಿಲ್ಲ. ಚಹಾ ಅವನ ಮುಂದಿಟ್ಟೆ. ಚಪ್ಪಲಿ ಮೆಟ್ಟಿಕೊಂಡು, ಕಸಬರಿಗೆಯನ್ನು ಸ್ಕೂಟಿಗೆ ಕಟ್ಟಿಕೊಂಡು ನನ್ನ ಮನೆಗೆ ಒಯ್ದೆ. ಅಪ್ಪನ ಮನೆಯಲ್ಲಿ ಇದ್ದದ್ದು ಅದೊಂದೇ ಕಸಬರಿಗೆ.